ಜನರನ್ನು ಕಾಪಾಡಿದ ಹಾಫ್‌ಕಿನ್‌ರನ್ನು ಕಾಪಾಡಿದವರು ಯಾರು?

ಊರಿನಿಂದ ಬಂದ ನೆಂಟರಿಷ್ಟರನ್ನು ಪರೇಲ್‌ನ ಟಾಟಾ ಆಸ್ಪತ್ರೆಗೋ ಕೆ.ಇ.ಎಂ. ಆಸ್ಪತ್ರೆಗೋ ಕರೆದುಕೊಂಡು ಹೋಗದ ಮುಂಬಯಿ ಕನ್ನಡಿಗರು ಕಡಿಮೆ. ಅದೇ ಆಚಾರ್ಯ ದೋಂಡೆ ಮಾರ್ಗದಲ್ಲಿ ಒಂದು ದೊಡ್ಡ ಹಳೆಯ ಕಟ್ಟಡವಿದೆ. ಒಂದು ಕಾಲಕ್ಕೆ ಅದು ಬೊಂಬಾಯಿ ಗವರ್ನರರ ಬಂಗಲೆ. ಈಗ ಅದು ಹಾಫ್‌ಕಿನ್ ಇನ್‌ಸ್ಟಿಟ್ಯೂಟ್. ಹೆಸರನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದ ಓದಿರುತ್ತೇವೆ. ಆ ಹೆಸರಿನ ಮನುಷ್ಯ ಯಾರು, ಅವರಿಗೆ ಏನಾಯಿತು ಎಂಬುದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಈ ಸಲದ ಇ-ಸ್ಮರಣ ಸಂಚಿಕೆಗೆ ಆರೋಗ್ಯ ಕ್ಷೇತ್ರದ ಒಬ್ಬ ಹಿರಿಯರ ಬದುಕಿನ ಬಗ್ಗೆ ಬರೆಯಬೇಕೆಂದು ಮಹಿಳಾ ವಿಭಾಗದವರು ಕೇಳಿದಾಗ ನಾನು ವಾಲ್ಡೆಮಾರ್ ಹಾಫ್‌ಕಿನ್ ಅವರನ್ನೇ ಆರಿಸಿಕೊಂಡೆ. ನಾನು ಡಾಕ್ಟರಲ್ಲ, ವಕೀಲೆಯೂ ಅಲ್ಲ. ಎಂ.ಟೆಕ್. ಮುಗಿಸಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವಳು. ಆದರೂ ಈ ಕಥೆ ನನ್ನನ್ನು ಬಿಡಲಿಲ್ಲ. ಸಾಂಕ್ರಾಮಿಕ ರೋಗದ ಹೊತ್ತಿನಲ್ಲಿ ಚಿಕಿತ್ಸೆ ಕೊಡುವವರಿಗೆ ಕಾನೂನಿನ ರಕ್ಷಣೆ ಎಷ್ಟಿರಬೇಕು, ಅವರ ಮನಸ್ಸಿನ ನೆಮ್ಮದಿಯನ್ನು ನೋಡಿಕೊಳ್ಳಬೇಕಾದವರು ಯಾರು ಎಂಬ ಪ್ರಶ್ನೆ ಕೋವಿಡ್ ಬಂದಾಗ ಹೊಸದಾಗಿ ಹುಟ್ಟಿದ್ದಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ಪರೇಲ್‌ನಲ್ಲೇ ಅದು ಎದ್ದಿತ್ತು.

ಒಡೆಸ್ಸಾದಿಂದ ಪ್ಯಾರಿಸ್‌ಗೆ

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಡದ ಒಡೆಸ್ಸಾ ಎಂಬ ಬಂದರು ಪಟ್ಟಣದಲ್ಲಿ. ಇಂದು ಅದು ಉಕ್ರೇನಿನಲ್ಲಿದೆ. ಆಗ ರಷ್ಯಾದ ಜಾರ್ ದೊರೆಗಳ ಆಡಳಿತ. ಮನೆತನ ಯೆಹೂದಿಯರದು. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಅವರಿಗೆ ಗುರುಗಳಾಗಿ ಸಿಕ್ಕವರು ಇಲ್ಯಾ ಮೆಚ್ನಿಕಾವ್. ಮುಂದೆ 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ವಿಜ್ಞಾನಿ ಇವರೇ.

ಆ ದಿನಗಳಲ್ಲಿ ರಷ್ಯಾದಲ್ಲಿ ಯೆಹೂದಿಯರ ಮೇಲೆ ಗುಂಪು ದಾಳಿಗಳು ನಡೆಯುತ್ತಿದ್ದವು. ಯುವಕ ಹಾಫ್‌ಕಿನ್ ತಮ್ಮವರ ರಕ್ಷಣೆಗಾಗಿ ಕಟ್ಟಿದ ದಳಕ್ಕೆ ಸೇರಿಕೊಂಡರು, ಗಾಯಗೊಂಡರು, ಬಂಧನಕ್ಕೂ ಒಳಗಾದರು. ಬಿಡಿಸಿಕೊಂಡು ಬಂದವರು ಮೆಚ್ನಿಕಾವ್. ಓದು ಮುಗಿದ ಮೇಲೆ ಮತಾಂತರವಾದರೆ ಪ್ರಾಧ್ಯಾಪಕ ಹುದ್ದೆಯ ದಾರಿ ತೆರೆಯುತ್ತಿತ್ತು. ಹಾಫ್‌ಕಿನ್ ಒಪ್ಪಲಿಲ್ಲ. ಊರಿನ ಪ್ರಾಣಿಶಾಸ್ತ್ರದ ಮ್ಯೂಸಿಯಮ್ಮಿನಲ್ಲಿ ಸಣ್ಣ ಕೆಲಸ ಮಾಡಿಕೊಂಡಿದ್ದರು.

1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ಹೋದರು. ಮರುವರ್ಷ ಪ್ಯಾರಿಸ್‌ಗೆ ಬಂದರು. ಅಷ್ಟರಲ್ಲಿ ಗುರು ಮೆಚ್ನಿಕಾವ್ ಲೂಯಿ ಪಾಶ್ಚರರ ಸಂಸ್ಥೆ ಸೇರಿದ್ದರು. ಅಲ್ಲಿ ಶಿಷ್ಯನಿಗೆ ಸಿಕ್ಕಿದ್ದು ವಿಜ್ಞಾನಿಯ ಹುದ್ದೆಯಲ್ಲ, ಗ್ರಂಥಾಲಯದ ಸಹಾಯಕನ ಕೆಲಸ. ಹಗಲು ಪುಸ್ತಕ ಜೋಡಿಸಿ, ಉಳಿದ ಹೊತ್ತಿನಲ್ಲಿ ಪ್ರಯೋಗಶಾಲೆಯಲ್ಲಿ ಕಾಲರಾ ರೋಗಾಣುಗಳ ಜೊತೆ ಕೂರುತ್ತಿದ್ದರು. ಹೊಟ್ಟೆಪಾಡಿನ ಕೆಲಸ ಒಂದು, ಮನಸ್ಸಿನ ಕೆಲಸ ಇನ್ನೊಂದು ಎಂದು ಎರಡನ್ನೂ ಎಳೆದುಕೊಂಡು ಹೋಗುವ ನಮ್ಮಂಥವರಿಗೆ ಈ ಭಾಗ ಬೇಗ ಅರ್ಥವಾಗುತ್ತದೆ.

ಕಾಲರಾಕ್ಕೆ ಲಸಿಕೆ ಸಿದ್ಧವಾಯಿತು. 1892ರ ಜುಲೈ 18ರಂದು ಹಾಫ್‌ಕಿನ್ ಅದನ್ನು ಮೊದಲು ತಮಗೇ ಚುಚ್ಚಿಕೊಂಡರು. ಜ್ವರ ಬಂತು, ಇಳಿಯಿತು. ಆಮೇಲೆ ಸ್ನೇಹಿತರು ಮುಂದೆ ಬಂದರು. ಆದರೆ ಲಸಿಕೆ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಕಾಲರಾ ಇರುವ ಊರಿಗೇ ಹೋಗಬೇಕಿತ್ತು. ಪ್ಯಾರಿಸ್‌ನಲ್ಲಿ ಆಗ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ ಹಿಂದೆ ಭಾರತದ ವೈಸರಾಯ್ ಆಗಿದ್ದವರು. ಅವರ ನೆರವಿನಿಂದ ಹಾಫ್‌ಕಿನ್ 1893ರಲ್ಲಿ ಕಲ್ಕತ್ತಕ್ಕೆ ಬಂದಿಳಿದರು.

ಬಸ್ತಿಯಲ್ಲಿ ಕಲ್ಲು, ತೋಟಗಳಲ್ಲಿ ಜ್ವರ

ಕಲ್ಕತ್ತದಲ್ಲಿ ಅವರಿಗೆ ಸ್ವಾಗತವೇನೂ ಕಾದಿರಲಿಲ್ಲ. ಅವರು ಬ್ರಿಟಿಷರಲ್ಲ, ರಷ್ಯಾದವರು. ವೈದ್ಯ ಪದವಿಯೂ ಇರಲಿಲ್ಲ. ಸರ್ಕಾರಿ ವೈದ್ಯಾಧಿಕಾರಿಗಳಲ್ಲಿ ಹಲವರಿಗೆ ಅನುಮಾನ. ಜನರಿಗೆ ಭಯ. 1894ರಲ್ಲಿ ಕಾಟಲ್ ಬಗಾನ್ ಎಂಬ ಬಸ್ತಿಗೆ ಹೋದಾಗ ಜನ ಸಿಟ್ಟಿಗೆದ್ದು ಕಲ್ಲು ತೂರಿದರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಜೊತೆಗೆ ಭಾರತೀಯ ವೈದ್ಯರಿದ್ದರು. ಹಾಫ್‌ಕಿನ್ ಓಡಲಿಲ್ಲ, ಪೊಲೀಸರನ್ನೂ ಕರೆಸಲಿಲ್ಲ. ಎಲ್ಲರೆದುರು ಅಂಗಿ ಎತ್ತಿ, ಮೊದಲು ತಮಗೇ ಸೂಜಿ ಹಾಕಿಸಿಕೊಂಡರು. ನೋಡುತ್ತಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಸುಮಾರು 200 ಜನರಿದ್ದ ಆ ಬಸ್ತಿಯಲ್ಲಿ 116 ಜನ ಲಸಿಕೆ ಹಾಕಿಸಿಕೊಂಡರು. ಆಮೇಲೆ ಅಲ್ಲಿ ಕಾಲರಾ ಬಂದದ್ದು 10 ಜನರಿಗೆ, ಸತ್ತವರು 7 ಜನ. ಅವರಲ್ಲಿ ಒಬ್ಬರೂ ಲಸಿಕೆ ಪಡೆದವರಲ್ಲ.

ಆ ಮೇಲೆ ಊರೂರು ತಿರುಗಾಟ. ಅಸ್ಸಾಮಿನ ಚಹಾ ತೋಟಗಳ ಕೂಲಿಯಾಳುಗಳಿಗೂ ಲಸಿಕೆ ಹಾಕಿದರು. ಒಂದೆರಡು ವರ್ಷದಲ್ಲಿ ಹಾಫ್‌ಕಿನ್ ಅವರಿಗೇ ಮಲೇರಿಯಾ ಹಿಡಿಯಿತು. 1895ರಲ್ಲಿ ಇಂಗ್ಲೆಂಡಿಗೆ ಹೋಗಿ ಸುಧಾರಿಸಿಕೊಂಡು, ಮರುವರ್ಷ ಮತ್ತೆ ಭಾರತಕ್ಕೇ ಬಂದರು.

ಬೊಂಬಾಯಿಯ ಒಂದು ಕೋಣೆ, ಒಂದು ಕಾರಿಡಾರ್

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡವಿಯಲ್ಲಿ ವಿಚಿತ್ರ ಜ್ವರ ಕಾಣಿಸಿಕೊಂಡಿತು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಇದು ಪ್ಲೇಗು ಎಂದು ಮೊದಲು ಗುರುತಿಸಿ ಹೇಳಿದವರು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಸ್. ಊರು ಖಾಲಿಯಾಗತೊಡಗಿತು. ಅಕ್ಟೋಬರಿನಲ್ಲಿ ಸರ್ಕಾರ ಹಾಫ್‌ಕಿನ್‌ರನ್ನು ಬೊಂಬಾಯಿಗೆ ಕಳಿಸಿತು.

ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಕೊಟ್ಟದ್ದು ಒಂದು ಕೋಣೆ, ಒಂದು ಕಾರಿಡಾರ್, ಒಬ್ಬ ಗುಮಾಸ್ತ, ಮೂವರು ಜವಾನರು. ಇಷ್ಟನ್ನೇ ಇಟ್ಟುಕೊಂಡು ಮೂರು ತಿಂಗಳಲ್ಲಿ ಪ್ಲೇಗಿನ ಲಸಿಕೆ ತಯಾರಿಸಿದರು. ಸಾರಿನಂಥ ದ್ರವದಲ್ಲಿ ರೋಗಾಣು ಬೆಳೆಸಿ, ಬಿಸಿ ಮಾಡಿ ಕೊಲ್ಲುವುದು ಅವರ ವಿಧಾನ. ರೋಗಾಣು ಚೆನ್ನಾಗಿ ಬೆಳೆಯಲೆಂದು ದ್ರವದ ಮೇಲೆ ತೇಲಿಬಿಟ್ಟದ್ದು ನಮ್ಮ ಅಡುಗೆಮನೆಯ ತುಪ್ಪದ ಹನಿಗಳನ್ನು! ತುಪ್ಪದ ಕೆಳಗೆ ರೋಗಾಣುಗಳು ಬಿಳಲುಗಳ ಹಾಗೆ ಇಳಿಬೀಳುತ್ತಿದ್ದವು. ದನ, ಹಂದಿಯ ಮಾಂಸ ಬಳಸಿದರೆ ಹಿಂದೂ ಮುಸಲ್ಮಾನರು ಒಪ್ಪುವುದಿಲ್ಲವೆಂದು ಆಡಿನ ಮಾಂಸದಿಂದ ಆ ದ್ರವ ಮಾಡಿಕೊಂಡರು.

ಆ ಮೂರು ತಿಂಗಳ ದುಡಿತ ಸಾಮಾನ್ಯದ್ದಲ್ಲ. ದಿನಕ್ಕೆ ಹನ್ನೆರಡು, ಹದಿನಾಲ್ಕು ಗಂಟೆ ಕೆಲಸ, ಸುತ್ತ ಸಾವು. ಸಹಾಯಕರಲ್ಲಿ ಒಬ್ಬರಿಗೆ ಮಾನಸಿಕ ಆಘಾತವಾಗಿ ಕೆಲಸ ನಿಂತಿತು, ಇನ್ನಿಬ್ಬರು ಬಿಟ್ಟು ಹೋದರು. ಲಸಿಕೆಯ ಚರಿತ್ರೆ ಹೇಳುವವರು ಈ ಸಹಾಯಕರನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ನನಗೆ ಮಾತ್ರ ಆ ವಾಕ್ಯದ ಹತ್ತಿರ ನಿಂತು ಯೋಚಿಸಬೇಕೆನಿಸುತ್ತದೆ. ಸಾಂಕ್ರಾಮಿಕದಲ್ಲಿ ಕೆಲಸ ಮಾಡುವವರ ಮನಸ್ಸು ಕುಸಿಯುವುದು ಆಗಲೂ ಇತ್ತು. ಅದಕ್ಕೆ ಹೆಸರು, ರಜೆ, ಸಹಾಯ ಯಾವುದೂ ಇರಲಿಲ್ಲ.

1897ರ ಜನವರಿ 10ರಂದು ಹಾಫ್‌ಕಿನ್ ಮತ್ತೆ ಮೊದಲು ತಮಗೇ ಲಸಿಕೆ ಹಾಕಿಸಿಕೊಂಡರು. ಆಮೇಲೆ ಜನರಿಗೆ ಕೊಡಲಿದ್ದ ಪ್ರಮಾಣಕ್ಕಿಂತ ಬಹಳ ಹೆಚ್ಚು. ಜ್ವರ, ನೋವು ಬಂದು ಹೋದವು. ಅದೇ ತಿಂಗಳ ಕೊನೆಗೆ ಬೈಕಲಾ ಜೈಲಿನಲ್ಲಿ ಪ್ಲೇಗು ಹಬ್ಬಿದಾಗ, ಒಪ್ಪಿದ ಕೈದಿಗಳಿಗೆ ಲಸಿಕೆ ಕೊಟ್ಟು, ಪಡೆಯದವರ ಜೊತೆ ಹೋಲಿಸಿ ನೋಡಿದರು. ಫಲ ಕಾಣಿಸಿತು. ಆಗಾಖಾನರು ತಾವೇ ಸಾರ್ವಜನಿಕವಾಗಿ ಲಸಿಕೆ ಹಾಕಿಸಿಕೊಂಡು ತಮ್ಮ ಖೋಜಾ ಸಮುದಾಯದವರ ಭಯ ಬಿಡಿಸಿದರು, ಪ್ರಯೋಗಶಾಲೆಗೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು. 1899ರ ಆಗಸ್ಟಿನಲ್ಲಿ ಪರೇಲ್‌ನ ಹಳೆಯ ಗವರ್ನರ್ ಬಂಗಲೆಯಲ್ಲಿ ಪ್ಲೇಗ್ ಸಂಶೋಧನಾಲಯ ತೆರೆಯಿತು.

ಹುಬ್ಬಳ್ಳಿಗೆ ಬಂದ ಲಸಿಕೆ

ಆಗ ಧಾರವಾಡ ಜಿಲ್ಲೆ ಬೊಂಬಾಯಿ ಪ್ರಾಂತಕ್ಕೆ ಸೇರಿತ್ತು. ರೈಲಿನ ಜೊತೆ ಪ್ಲೇಗೂ ಹುಬ್ಬಳ್ಳಿಗೆ ಬಂತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಮನೆ ಬಿಡು, ಬೀದಿಯಲ್ಲಿ ಬಿದ್ದರೆ ಊರು ಬಿಡು ಎಂದು ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದ ಕಾಲ. ನಮ್ಮ ಅಜ್ಜಿಯರ ಅಜ್ಜಿಯರು ಕಂಡದ್ದು ಅದನ್ನೇ. 1898ರಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿ ಹುಬ್ಬಳ್ಳಿಯ ಬಹುಪಾಲು ಜನರಿಗೆ ಹಾಫ್‌ಕಿನ್‌ರ ಲಸಿಕೆ ಹಾಕಿದರು. ದೇಶದಲ್ಲೇ ಅತಿ ದೊಡ್ಡ ಲಸಿಕೆ ಕಾರ್ಯಗಳಲ್ಲಿ ಅದೂ ಒಂದಾಯಿತು. ಧಾರವಾಡ ಸೀಮೆಯಲ್ಲಿ ಈ ಕೆಲಸಕ್ಕೆ ಬಂದವರಲ್ಲಿ ಆಲಿಸ್ ಕಾರ್ಥೋರ್ನ್ ಎಂಬ ಇಂಗ್ಲಿಷ್ ಮಹಿಳಾ ವೈದ್ಯೆಯೂ ಇದ್ದರು. ಪರ ಗಂಡಸಿಗೆ ತೋಳು ತೋರಿಸಲು ಹಿಂಜರಿಯುವ ಹೆಂಗಸರ ನಡುವೆ ಒಬ್ಬ ವೈದ್ಯೆ ಇದ್ದರೆ ಎಷ್ಟು ಅನುಕೂಲವೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇದೇ ಪ್ಲೇಗಿನಲ್ಲಿ ಪುಣೆಯಲ್ಲಿ ರೋಗಿಗಳ ಸೇವೆ ಮಾಡುತ್ತಾ ರೋಗ ಅಂಟಿ 1897ರ ಮಾರ್ಚ್ 10ರಂದು ತೀರಿಕೊಂಡವರು ಸಾವಿತ್ರಿಬಾಯಿ ಫುಲೆ. ಅವರಿಗೆ ಸರ್ಕಾರದ ಹುದ್ದೆ, ಸಂಬಳ, ವಿಮೆ ಏನೂ ಇರಲಿಲ್ಲ. ರೋಗಿಯನ್ನು ಬೆನ್ನಮೇಲೆ ಹೊತ್ತು ತಂದ ಕೈಗಳು ಅವು.

1897ರ ಕಾನೂನು ಯಾರನ್ನು ಕಾಯಿತು?

ಆ ವರ್ಷದ ಫೆಬ್ರವರಿ 4ರಂದು ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ಬರೀ ನಾಲ್ಕು ಸೆಕ್ಷನ್‌ಗಳ ಪುಟ್ಟ ಕಾಯಿದೆ. ಕೋವಿಡ್ ಬಂದಾಗ ನಮ್ಮ ರಾಜ್ಯಗಳು ಹೊರತೆಗೆದದ್ದೂ ಇದನ್ನೇ. ಅದರ ನಾಲ್ಕನೆಯ ಸೆಕ್ಷನ್ ಹೇಳುವುದಿಷ್ಟು: ಈ ಕಾಯಿದೆಯಡಿ ಸದುದ್ದೇಶದಿಂದ ಮಾಡಿದ ಕೆಲಸಕ್ಕಾಗಿ ಯಾರ ಮೇಲೂ ದಾವೆ ಹೂಡುವಂತಿಲ್ಲ.

ಕೇಳಲು ಒಳ್ಳೆಯದೇ. ಆದರೆ ಆ ರಕ್ಷಣೆ ಬಳಕೆಯಾದ ರೀತಿ ಬೇರೆ. ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ದರು, ಸಾಮಾನು ಸುಟ್ಟರು, ರೈಲು ನಿಲ್ದಾಣಗಳಲ್ಲಿ ಹೆಂಗಸರನ್ನೂ ತಪಾಸಣೆಗೆ ನಿಲ್ಲಿಸಿದರು. ಕೇಳುವವರಿಲ್ಲ. ಜನರ ಸಿಟ್ಟು ಹೊರಬರಲು ಕೋರ್ಟಿನ ದಾರಿ ಮುಚ್ಚಿದ್ದರಿಂದ ಅದು ಬೀದಿಯ ದಾರಿ ಹಿಡಿಯಿತು. ಕಾಯಿದೆ ಬರುವ ಮೊದಲೇ, 1896ರ ಅಕ್ಟೋಬರಿನಲ್ಲಿ, ಸುಮಾರು ಸಾವಿರ ಮಿಲ್ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ದಾಳಿ ಮಾಡಿದ್ದರು. 1897ರ ಜೂನ್ 22ರಂದು ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಅಧಿಕಾರಿಗಳ ದರ್ಪಕ್ಕೂ ಆಸ್ಪತ್ರೆಯ ದಾದಿಯ ಕೆಲಸಕ್ಕೂ ಸಂಬಂಧವಿಲ್ಲ. ಆದರೆ ಕೆರಳಿದ ಜನರ ಕಣ್ಣಿಗೆ ಎಲ್ಲರೂ ಒಂದೇ ಆಗಿ ಕಾಣುತ್ತಾರೆ. ಜನರ ನಂಬಿಕೆ ಕಳೆದುಕೊಂಡ ಕಾನೂನು ತನ್ನ ವೈದ್ಯರನ್ನೂ ಕಾಯಲಾರದು ಎಂಬುದು ಆ ವರ್ಷಗಳ ಪಾಠ.

53 ಎನ್ ಸಂಖ್ಯೆಯ ಬಾಟಲಿ

ಹಾಫ್‌ಕಿನ್‌ರಿಗೆ ಪೆಟ್ಟು ಬಿದ್ದದ್ದು ಬೀದಿಯಿಂದಲ್ಲ, ಅವರಿಗೆ ಕೆಲಸ ಕೊಟ್ಟ ಸರ್ಕಾರದಿಂದ.

1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಜೋರಾಗಿತ್ತು. ಅಲ್ಲಿನ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಲಸಿಕೆ ಕೇಳಿತು. ತಯಾರಿಕೆಯ ವೇಗ ಹೆಚ್ಚಿಸಲು ಹಾಫ್‌ಕಿನ್ ವಿಧಾನವನ್ನು ಬದಲಾಯಿಸಿದ್ದರು. ಹೊಸ ವಿಧಾನದಲ್ಲಿ ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಬಿಟ್ಟು, ಪಾಶ್ಚರ್ ಸಂಸ್ಥೆಯ ರೂಢಿಯಂತೆ ಶಾಖವನ್ನೇ ನೆಚ್ಚಿದ್ದರು. ಅಕ್ಟೋಬರ್ 30ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಸುಮಾರು ಒಂದು ವಾರದ ಮೇಲೆ ಅವರಲ್ಲಿ 19 ಜನರಿಗೆ ಧನುರ್ವಾಯು ಕಾಣಿಸಿಕೊಂಡಿತು. ಹತ್ತೊಂಬತ್ತು ಜನವೂ ಸತ್ತರು. ಎಲ್ಲರಿಗೂ ಲಸಿಕೆ ಹೋದದ್ದು ಒಂದೇ ಬಾಟಲಿಯಿಂದ, ಅದರ ಮೇಲಿನ ಗುರುತು 53 ಎನ್. ಬೇರೆ ಬಾಟಲಿಗಳಿಂದ ಪಡೆದವರಿಗೆ ಏನೂ ಆಗಲಿಲ್ಲ.

ಸಾಫ್ಟ್‌ವೇರಿನಲ್ಲಿ ಕೆಲಸ ಮಾಡುವವರು ಇಲ್ಲಿ ತಕ್ಷಣ ಕಿವಿ ನಿಮಿರಿಸುತ್ತಾರೆ. ಒಂದೇ ಬಾಟಲಿ ಕೆಟ್ಟಿದೆ, ಉಳಿದವು ಸರಿಯಿವೆ. ಹಾಗಾದರೆ ದೋಷ ಎಲ್ಲಿ ಸೇರಿತು? ಪರೇಲ್‌ನಲ್ಲಿ ತುಂಬಿಸುವಾಗಲೋ, ದಾರಿಯಲ್ಲೋ, ಹಳ್ಳಿಯಲ್ಲಿ ಬಿರಡೆ ತೆಗೆಯುವಾಗಲೋ? ಉತ್ತರ ಬೇಕಾದರೆ ಪ್ರತಿ ಹಂತದ ದಾಖಲೆಯನ್ನೂ ಒಂದೊಂದಾಗಿ ನೋಡಬೇಕು.

ಬೊಂಬಾಯಿಯ ಮುಖ್ಯ ನ್ಯಾಯಮೂರ್ತಿ ಲಾರೆನ್ಸ್ ಜೆಂಕಿನ್ಸ್ ನೇತೃತ್ವದಲ್ಲಿ ತನಿಖಾ ಆಯೋಗ ಕೂತಿತು. ಬಾಟಲಿ ಪರೇಲ್‌ನಲ್ಲೇ, ಹಳ್ಳಿಯಲ್ಲಿ ತೆರೆಯುವ ಮೊದಲೇ ಕಲುಷಿತವಾಗಿತ್ತು ಎಂಬುದು ಅದರ ತೀರ್ಮಾನ. ಕಾರ್ಬಾಲಿಕ್ ಆಮ್ಲ ಬಿಟ್ಟದ್ದು ಗಂಭೀರ ತಪ್ಪು ಎಂದೂ ಹೇಳಿತು. ಹಾಫ್‌ಕಿನ್‌ರನ್ನು ಹುದ್ದೆಯಿಂದ ದೂರವಿಟ್ಟರು. 1904ರಲ್ಲಿ ಅವರು ಭಾರತ ಬಿಟ್ಟು ಲಂಡನ್ನಿಗೆ ಹೋದರು. ತನಿಖೆಯ ಪೂರ್ಣ ಕಾಗದಪತ್ರಗಳು ಪ್ರಕಟವಾಗಿದ್ದು 1906ರ ಕೊನೆಗೆ. ಅಷ್ಟು ವರ್ಷ ಅವರ ಹೆಸರಿನ ಮೇಲೆ ಹತ್ತೊಂಬತ್ತು ಸಾವುಗಳ ಹೊರೆ ಇತ್ತು.

ಕಾಗದಗಳು ಹೊರಬಂದಾಗ ವಿಜ್ಞಾನಿಗಳು ಓದಿದರು. ಬಾಟಲಿ ತುಂಬಿಸಿದ್ದು ಲಸಿಕೆ ಹಾಕುವುದಕ್ಕೆ 41 ದಿನ ಮುಂಚೆ. ಅಷ್ಟು ದಿನ ಧನುರ್ವಾಯುವಿನ ರೋಗಾಣು ಒಳಗೆ ಬೆಳೆದಿದ್ದರೆ ತೆರೆದಾಗ ಕೆಟ್ಟ ವಾಸನೆ ಬರಬೇಕಿತ್ತು, ಬಂದಿರಲಿಲ್ಲ. ವಿಷ ಆಗಲೇ ತುಂಬಿಕೊಂಡಿದ್ದರೆ ರೋಗಲಕ್ಷಣ ಬೇಗ ಕಾಣಬೇಕಿತ್ತು, ಒಂದು ವಾರ ಹಿಡಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಆ ದಿನ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಅದರಿಂದಲೇ ಬಿರಡೆ ತೆಗೆಯಲಾಗಿತ್ತು ಎಂಬ ಸಾಕ್ಷ್ಯ ದಾಖಲೆಯಲ್ಲೇ ಇತ್ತು. ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ.

ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಹಾಫ್‌ಕಿನ್ ಪರ ನಿಂತರು. 1907ರ ಜುಲೈ ಕೊನೆಯಲ್ಲಿ ಹತ್ತು ಮಂದಿ ವಿಜ್ಞಾನಿಗಳು ಸಹಿ ಹಾಕಿದ ಪತ್ರ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಪಾರ್ಲಿಮೆಂಟಿನಲ್ಲೂ ಪ್ರಶ್ನೆ ಎದ್ದಿತು. ಆ ವರ್ಷದ ನವೆಂಬರಿನಲ್ಲಿ ಸರ್ಕಾರ ಅವರನ್ನು ದೋಷಮುಕ್ತಗೊಳಿಸಿತು. ಘಟನೆ ನಡೆದು ಐದು ವರ್ಷಗಳಾಗಿದ್ದವು. ಫ್ರಾನ್ಸಿನಲ್ಲಿ ಅನ್ಯಾಯವಾಗಿ ದೇಶದ್ರೋಹಿ ಎನಿಸಿಕೊಂಡಿದ್ದ ಯೆಹೂದಿ ಅಧಿಕಾರಿ ಡ್ರೇಫಸ್ ಪ್ರಕರಣಕ್ಕೆ ಇದನ್ನು ಹೋಲಿಸಿದವರೂ ಇದ್ದಾರೆ.

ಹಾಫ್‌ಕಿನ್ ಭಾರತಕ್ಕೆ ಮರಳಿದರು. ಆದರೆ ಪರೇಲ್‌ಗೆ ಅಲ್ಲ. ಅವರ ಕುರ್ಚಿಯಲ್ಲಿ ಬೇರೆಯವರು ಕೂತಾಗಿತ್ತು. ಕಲ್ಕತ್ತದ ಪ್ರಯೋಗಶಾಲೆಯೊಂದರಲ್ಲಿ ಸ್ಥಳ ಕೊಟ್ಟರು, ಜನರ ಮೇಲೆ ಲಸಿಕೆಯ ಪ್ರಯೋಗ ನಡೆಸುವ ಅವಕಾಶ ಕೊಡಲಿಲ್ಲ. 1915ರಲ್ಲಿ, 55ನೇ ವಯಸ್ಸಿಗೆ, ನಿವೃತ್ತರಾಗಿ ಯುರೋಪಿಗೆ ಹೋದರು. ಮದುವೆಯಾಗಿರಲಿಲ್ಲ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ತೀರಿಕೊಂಡರು. ಅದಕ್ಕೆ ಐದು ವರ್ಷ ಮೊದಲು, 1925ರಲ್ಲಿ, ಪರೇಲ್‌ನ ಪ್ರಯೋಗಶಾಲೆಗೆ ಅವರ ಹೆಸರಿಟ್ಟಿದ್ದರು. ಅಷ್ಟರೊಳಗೆ ಅಲ್ಲಿಂದ ಸುಮಾರು 2.6 ಕೋಟಿ ಡೋಸ್ ಪ್ಲೇಗ್ ಲಸಿಕೆ ಹೊರಹೋಗಿತ್ತು. 1964ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿಯನ್ನೂ ತಂದಿತು.

ಈಗಿನ ಕಾನೂನು, ಇನ್ನೂ ಇರುವ ಕೊರತೆ

ಕೋವಿಡ್ ಕಾಲದಲ್ಲಿ ಹಳೆಯ ದೃಶ್ಯಗಳು ಮತ್ತೆ ಕಂಡವು. ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಬೆಂಗಳೂರಿನಲ್ಲೂ ಹಲ್ಲೆಯಾಯಿತು. ದಾದಿಯರಿಗೆ, ಡಾಕ್ಟರರಿಗೆ ಬಾಡಿಗೆ ಮನೆ ಬಿಡಿ ಎಂದವರಿದ್ದರು. 2020ರ ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯ ಮೂಲಕ 1897ರ ಕಾಯಿದೆಯನ್ನೇ ತಿದ್ದಿತು. ಸೆಪ್ಟೆಂಬರಿನಲ್ಲಿ ಸಂಸತ್ತು ಅದನ್ನು ಅಂಗೀಕರಿಸಿತು. ಇದರ ಮುಖ್ಯಾಂಶಗಳು ನಮಗೆಲ್ಲ ಗೊತ್ತಿರಬೇಕು.

ಸಾಂಕ್ರಾಮಿಕದ ಸಮಯದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಹಿಂಸೆ ಮಾಡಿದರೆ 3 ತಿಂಗಳಿಂದ 5 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ತೀವ್ರ ಗಾಯವಾದರೆ 6 ತಿಂಗಳಿಂದ 7 ವರ್ಷ ಜೈಲು, 1 ಲಕ್ಷದಿಂದ 5 ಲಕ್ಷ ದಂಡ. ಅಪರಾಧ ಜಾಮೀನುರಹಿತ. ತನಿಖೆ 30 ದಿನದಲ್ಲಿ ಮುಗಿಯಬೇಕು, ವಿಚಾರಣೆ ಒಂದು ವರ್ಷದೊಳಗೆ. ಆಸ್ತಿ ಹಾಳು ಮಾಡಿದವರು ಅದರ ಮಾರುಕಟ್ಟೆ ಬೆಲೆಯ ಎರಡರಷ್ಟು ಕಟ್ಟಿಕೊಡಬೇಕು. ಡಾಕ್ಟರ್, ನರ್ಸ್ ಮಾತ್ರವಲ್ಲ, ಅರೆವೈದ್ಯಕೀಯ ಸಿಬ್ಬಂದಿ, ಸಮುದಾಯ ಆರೋಗ್ಯ ಕಾರ್ಯಕರ್ತೆಯರು ಎಲ್ಲರೂ ಇದರಡಿ ಬರುತ್ತಾರೆ. ಹಿಂಸೆ ಎಂದರೆ ಹೊಡೆತವಷ್ಟೇ ಅಲ್ಲ. ಅವರ ವಾಸಕ್ಕೆ, ಕೆಲಸಕ್ಕೆ ತೊಂದರೆಯಾಗುವಂತೆ ಕಿರುಕುಳ ಕೊಡುವುದೂ ಹಿಂಸೆಯೇ. ಹಾಗಾಗಿ ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ನರ್ಸ್ ಒಬ್ಬಳನ್ನು ತಡೆಯುವುದೂ ಇದರೊಳಗೆ ಬರಬಹುದು. ಕೋವಿಡ್ ಕರ್ತವ್ಯದಲ್ಲಿ ಜೀವ ಹೋದರೆ 50 ಲಕ್ಷದ ವಿಮೆಯನ್ನೂ ಸರ್ಕಾರ ಕೊಟ್ಟಿತು. ಸಾಂಕ್ರಾಮಿಕ ಇಲ್ಲದ ದಿನಗಳಿಗೆ ರಾಜ್ಯಗಳ ಕಾಯಿದೆಗಳಿವೆ. ಕರ್ನಾಟಕದ್ದು 2009ರದು, ಮಹಾರಾಷ್ಟ್ರದ್ದು 2010ರದು.

ಇದೆಲ್ಲ ಹೊರಗಿನ ಪೆಟ್ಟಿಗೆ ಗುರಾಣಿ. ಹಾಫ್‌ಕಿನ್‌ರಿಗೆ ಬಿದ್ದಂಥ ಪೆಟ್ಟಿಗೆ?

ಕ್ರಿಮಿನಲ್ ಕೇಸುಗಳ ಮಟ್ಟಿಗೆ ಒಂದು ಉತ್ತರವಿದೆ. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿರ್ಲಕ್ಷ್ಯದ ಆರೋಪದ ಮೇಲೆ ವೈದ್ಯರ ವಿರುದ್ಧ ಮುಂದುವರಿಯುವ ಮೊದಲು ಪಕ್ಷಪಾತವಿಲ್ಲದ ಇನ್ನೊಬ್ಬ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು, ಆರೋಪ ಬಂದ ಮಾತ್ರಕ್ಕೆ ಬಂಧಿಸಬಾರದು ಎಂದು ಹೇಳಿತು. ರಾಸ್ ಮತ್ತು ಸಂಗಡಿಗರು ಐದು ವರ್ಷ ತಡವಾಗಿ ಮಾಡಿದ ಕೆಲಸವನ್ನು ಮೊದಲೇ ಮಾಡಿಸಿ ಎಂಬುದೇ ಇದರ ತಾತ್ಪರ್ಯ.

ಆದರೆ ಆಸ್ಪತ್ರೆಯ ಒಳಗೆ ನಡೆಯುವ ವಿಚಾರಣೆ? ನನ್ನ ದೊಡ್ಡಮ್ಮನ ಮಗಳು ಸ್ಟಾಫ್ ನರ್ಸ್. 2021ರ ಎರಡನೇ ಅಲೆಯಲ್ಲಿ ಹನ್ನೆರಡು ಗಂಟೆಯ ಪಾಳಿ, ಪಿಪಿಇ ಕಿಟ್ಟಿನೊಳಗೆ ನೀರೂ ಕುಡಿಯದೆ. ಒಂದು ರಾತ್ರಿ ಅವಳ ವಾರ್ಡಿನಲ್ಲಿ ರೋಗಿಯೊಬ್ಬರು ತೀರಿಕೊಂಡರು. ಮನೆಯವರ ದುಃಖ ಬೈಗುಳವಾಯಿತು, ಅದನ್ನು ಅಕ್ಕ ಸಹಿಸಿಕೊಂಡಳು. ಬೆಳಿಗ್ಗೆ ಕೈಗೆ ಬಂದ ಮೆಮೊ ಮಾತ್ರ ಸಹಿಸಲಾಗಲಿಲ್ಲ. 24 ಗಂಟೆಯೊಳಗೆ ವಿವರಣೆ ಕೊಡಿ ಎಂದಿತ್ತು. ಡ್ಯೂಟಿ ಡಾಕ್ಟರಿಗೆ ಅವಳು ಮೂರು ಸಲ ತಿಳಿಸಿದ್ದು ವಾರ್ಡಿನ ರಿಜಿಸ್ಟರಿನಲ್ಲಿ ಸಮಯದ ಸಮೇತ ಇತ್ತು. ಮೆಮೊ ಬರೆದವರು ಅದನ್ನು ತೆರೆದು ನೋಡಿರಲಿಲ್ಲ. ಆಮೇಲೆ ನೋಡಿದರು, ಫೈಲು ಮುಚ್ಚಿದರು. ಕ್ಷಮಿಸಿ ಎಂದು ಯಾರೂ ಹೇಳಲಿಲ್ಲ. ಆರು ತಿಂಗಳಲ್ಲಿ ಅಕ್ಕ ವಾರ್ಡಿನ ಕೆಲಸ ಬಿಟ್ಟಳು. ಒಬ್ಬ ಅನುಭವಿ ನರ್ಸ್‌ನ್ನು ಕಳೆದುಕೊಂಡದ್ದು ರೋಗಕ್ಕಲ್ಲ, ಒಂದು ಹಾಳೆಗೆ.

ನಮ್ಮ ಕ್ಷೇತ್ರದಲ್ಲಿ ಸರ್ವರ್ ಕುಸಿದರೆ ನಡೆಸುವ ವಿಚಾರಣೆಗೆ ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಎನ್ನುತ್ತಾರೆ. ಯಾರು ಎಂಬುದಕ್ಕಿಂತ ಮೊದಲು ಏನಾಯಿತು, ಯಾವ ಹಂತದಲ್ಲಾಯಿತು ಎಂದು ಲಾಗ್ ಮುಂದಿಟ್ಟುಕೊಂಡು ಕೇಳುತ್ತಾರೆ. ಕೆಲಸ ಮಾಡಿದವರು ಭಯವಿಲ್ಲದೆ ನಿಜ ಹೇಳಿದರೆ ಮಾತ್ರ ಮುಂದಿನ ಸಲ ಅದು ತಪ್ಪುತ್ತದೆ. ಇದು ಯಾರನ್ನೂ ಹೊಣೆಯಿಂದ ಪಾರು ಮಾಡುವ ಉಪಾಯವಲ್ಲ. ಮಲ್ಕೋವಾಲ್‌ನ ಹತ್ತೊಂಬತ್ತು ಮನೆಗಳಿಗೂ ನಿಜವಾದ ಕಾರಣ ತಿಳಿಯುವ ಹಕ್ಕಿತ್ತು. ಹೆಸರಾಂತ ಒಬ್ಬರನ್ನು ದೂರವಿಟ್ಟು ತನಿಖೆ ಮುಗಿಸಿದರೆ ನೆಲಕ್ಕೆ ಬಿದ್ದ ಇಕ್ಕಳದ ಬಗ್ಗೆ ಯಾರೂ ಕಲಿಯುವುದಿಲ್ಲ, ಇನ್ನೊಂದು ಹಳ್ಳಿಯಲ್ಲಿ ಅದೇ ಮತ್ತೆ ನಡೆಯುತ್ತದೆ. ಸರಿಯಾದ ವಿಚಾರಣೆ ರೋಗಿಗೂ ಬೇಕು, ನರ್ಸ್‌ಗೂ ಬೇಕು. ಎರಡೂ ಒಂದೇ ಹಕ್ಕು.

ನಾವು ಮಾಡಬಹುದಾದ್ದು

ನಮ್ಮ ಸಂಘದ ಸದಸ್ಯೆಯರಲ್ಲಿ, ಅವರ ಹೆಣ್ಣುಮಕ್ಕಳಲ್ಲಿ ನರ್ಸ್‌ಗಳು, ಲ್ಯಾಬ್ ಟೆಕ್ನಿಶಿಯನ್‌ಗಳು, ಫಾರ್ಮಸಿಸ್ಟ್‌ಗಳು ಇದ್ದಾರೆ. ಮೇಲೆ ಹೇಳಿದ ಕಾನೂನುಗಳನ್ನು ಅವರಿಗೆ ತಿಳಿಸುವ ಒಂದು ಸಂಜೆಯ ಕಾರ್ಯಕ್ರಮವನ್ನು ಮಹಿಳಾ ವಿಭಾಗ ಇಟ್ಟುಕೊಳ್ಳಬಹುದು. ನಮ್ಮಲ್ಲೇ ವಕೀಲರಿದ್ದಾರೆ. ಸೊಸೈಟಿಗಳ ಸಮಿತಿಯಲ್ಲಿ ಕೂತಿರುವ ಅಕ್ಕಂದಿರು, ಮುಂದಿನ ಸಲ ಇಂಥ ಕಾಲ ಬಂದರೆ ಆರೋಗ್ಯ ಸಿಬ್ಬಂದಿಯನ್ನು ಗೇಟಿನಲ್ಲಿ ತಡೆಯುವುದಿಲ್ಲವೆಂದು ಈಗಲೇ ನಿರ್ಣಯ ಬರೆಸಿಡಬಹುದು. ಭಯ ಹುಟ್ಟಿದ ಮೇಲೆ ಸಭೆ ಕರೆದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಇನ್ನೊಂದು ಸಣ್ಣ ವಿನಂತಿ. ಯಾವುದೋ ಆಸ್ಪತ್ರೆಯ ನರ್ಸ್ ತಪ್ಪು ಮಾಡಿದಳು ಎಂಬ ವಿಡಿಯೋ ವಾಟ್ಸಾಪಿಗೆ ಬಂದಾಗ, ಅದನ್ನು ಮುಂದಕ್ಕೆ ಕಳಿಸುವ ಮುನ್ನ ರಿಜಿಸ್ಟರ್ ಯಾರಾದರೂ ನೋಡಿದರೇ ಎಂದು ಒಮ್ಮೆ ಕೇಳೋಣ. ಹಾಫ್‌ಕಿನ್‌ರಿಗೆ ಐದು ವರ್ಷದ ಮೇಲಾದರೂ ಪರವಾಗಿ ನಿಲ್ಲಲು ನೊಬೆಲ್ ವಿಜ್ಞಾನಿ ಇದ್ದರು, ಟೈಮ್ಸ್ ಪತ್ರಿಕೆ ಇತ್ತು. ರಾತ್ರಿ ಪಾಳಿಯ ಹುಡುಗಿಗೆ ಅಂಥವರು ಯಾರೂ ಇರುವುದಿಲ್ಲ. ಆ ಜಾಗದಲ್ಲಿ ನಿಲ್ಲಬೇಕಾದವರು ನಾವೇ.